ಕೈತಪ್ಪಿದ ಮೊಲ, ಕೈಹಿಡಿದ ಇಲಿ

ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಮೃಗಪಕ್ಷಿಗಳನ್ನು ಕೆತ್ತುವುದರಲ್ಲಿ ತಲೆಮಾರುಗಳಿಂದ ಹೆಸರಾದವರು. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರ ಗಂಡಭೇರುಂಡ ಸ್ತಂಭವಿದೆ. ಆ ಕಲ್ಪನೆಯ ಪ್ರಾಣಿ ಯಾರ ಸ್ವತ್ತೆಂದು ಇಲ್ಲಿ ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಾದರೋ, ಒಂದು ಮೊಲದ ಒಡೆತನವೇ ಒಂದು ಚಿತ್ರಶಾಲೆಯನ್ನು ಮುಳುಗಿಸುವುದರಲ್ಲಿತ್ತು!

1923ರ ಅಕ್ಟೋಬರ್ 16ರಂದು ವಾಲ್ಟ್ ಡಿಸ್ನಿಯವರು ಅಣ್ಣ ರಾಯ್‌ರೊಡನೆ ಲಾಸ್ ಏಂಜಲೀಸಿನಲ್ಲಿ ಸಣ್ಣದೊಂದು ವ್ಯಂಗ್ಯಚಲನಚಿತ್ರ ಶಾಲೆಯನ್ನು ತೆರೆದರು. 1927ರಲ್ಲಿ ಅಲ್ಲಿ ಜನಿಸಿದ ಆಸ್ವಾಲ್ಡ್ ಎಂಬ ಮೊಲವನ್ನು ಪ್ರೇಕ್ಷಕರು ಮೆಚ್ಚಿದರು. ಮರುವರ್ಷ ಹೆಚ್ಚಿನ ಹಣ ಕೇಳಲು ನ್ಯೂಯಾರ್ಕಿಗೆ ಹೋದ ಡಿಸ್ನಿಯವರಿಗೆ, ವಿತರಕ ಚಾರ್ಲ್ಸ್ ಮಿಂಟ್ಜ್ ಇದ್ದ ಹಣವನ್ನೇ ತಗ್ಗಿಸುವ ಮಾತನಾಡಿದರು. ಚಿತ್ರಕಾರರಲ್ಲಿ ಬಹುಮಂದಿಯನ್ನು ಅವರು ಆಗಲೇ ತಮ್ಮೆಡೆಗೆ ಸೆಳೆದುಕೊಂಡಿದ್ದರು. ಮೊಲದ ಹಕ್ಕೋ, ಯೂನಿವರ್ಸಲ್ ಕಂಪನಿಯದು!

ಜೊತೆಬಿಡದೆ ನಿಂತವರಲ್ಲಿ ಅಬ್ ಐವರ್ಕ್ಸ್ ಪ್ರಮುಖರು. ಇಬ್ಬರೂ ಸೇರಿ ಮಿಕಿ ಎಂಬ ಇಲಿಯನ್ನು ಸೃಷ್ಟಿಸಿದರು. ಮೊದಲೆರಡು ಮೂಕಚಿತ್ರಗಳನ್ನು ಕೊಳ್ಳುವ ವಿತರಕರೇ ದೊರೆಯಲಿಲ್ಲ. ಆಗ ಮೂರನೆಯದರಲ್ಲಿ ಇಲಿಯ ಪ್ರತಿಯೊಂದು ಚಲನೆಗೂ ಸಂಗೀತವನ್ನೂ ಸದ್ದನ್ನೂ ಹೊಂದಿಸಲಾಯಿತು. 1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ ‘ಸ್ಟೀಮ್‌ಬೋಟ್ ವಿಲ್ಲಿ’ಯಿಂದ ಚಿತ್ರಶಾಲೆಯ ಭಾಗ್ಯದ ಬಾಗಿಲು ತೆರೆಯಿತು. ತಾವು ಸೃಷ್ಟಿಸಿದ್ದರ ಹಕ್ಕನ್ನು ಡಿಸ್ನಿಯವರು ಮತ್ತೆಂದೂ ಪರರ ಕೈಗೆ ಬಿಡಲಿಲ್ಲ.

ಕಳೆದುಹೋಗಿದ್ದ ಮೊಲ 2006ರಲ್ಲಿ ಡಿಸ್ನಿ ಕಂಪನಿಗೆ ಮರಳಿತು. ಅದನ್ನು ಕಾಣಲು ವಾಲ್ಟ್ ಇರಲಿಲ್ಲ, 1966ರಲ್ಲೇ ತೀರಿಕೊಂಡಿದ್ದರು. 2024ರ ಜನವರಿ 1ರಂದು ‘ಸ್ಟೀಮ್‌ಬೋಟ್ ವಿಲ್ಲಿ’ಯ ಕೃತಿಸ್ವಾಮ್ಯವೂ ಅಮೆರಿಕದಲ್ಲಿ ಮುಗಿಯಿತು. ಅಷ್ಟು ಜೋಪಾನ ಮಾಡಿದ ಆ ಮೊದಲ ಇಲಿ, ಬಳ್ಳಿಗಾವೆಯ ಗಂಡಭೇರುಂಡದಂತೆ, ಅಲ್ಲಿ ಈಗ ಎಲ್ಲರದು.