ನದಿಯಿಲ್ಲದ ಊರಿನ ನದಿಯಾತ್ರಿಕರು

ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಹೊಳೆ ಇಲ್ಲವೇ ಇಲ್ಲ ಎಂದಲ್ಲ. ಸ್ಯಾನ್ ಫ್ರಾನ್ಸಿಸ್ಕಿಟೋ ಕ್ರೀಕ್ ಎಂಬುದೊಂದಿದೆ. ಚಳಿಗಾಲದ ಮಳೆಗೆ ಒಮ್ಮೊಮ್ಮೆ ದಡ ಮೀರಿ ಬೀದಿಗೆ ನುಗ್ಗುತ್ತದೆ. ಬೇಸಿಗೆ ಬಂತೆಂದರೆ ಕಲ್ಲುಗುಂಡು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಊರಿಗೆ ಹೆಸರು ಕೊಟ್ಟ ಸಾವಿರ ವರ್ಷದ ರೆಡ್‌ವುಡ್ ಮರ ನಿಂತಿರುವುದು ಇದರ ದಂಡೆಯಲ್ಲೇ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಅಂಚಿನಲ್ಲೊಂದು ದೋಣಿ ಬಂದರಿತ್ತು. ಹೂಳು ತುಂಬುತ್ತಲೇ ಹೋಗಿ 1986ರಲ್ಲಿ ಅದೂ ಮುಚ್ಚಿತು. ಇಂಥ ಊರಿನಲ್ಲಿ ನಿವೃತ್ತಿಯ ಮಾತು ಎತ್ತಿ ನೋಡಿ, ಎರಡನೇ ಕಪ್ ಕಾಫಿಯ ಹೊತ್ತಿಗೆ ಮಾತು ರೈನ್ ನದಿಗೋ ಡ್ಯಾನ್ಯೂಬಿಗೋ ಹೋಗಿ ಮುಟ್ಟಿರುತ್ತದೆ.

ಎಂಬತ್ತು, ತೊಂಬತ್ತರ ದಶಕದಲ್ಲಿ ಬೇ ಏರಿಯಾಕ್ಕೆ ಬಂದ ಕನ್ನಡಿಗರಿಗೂ ಈಗ ಆ ವಯಸ್ಸು. ಮಕ್ಕಳು ಓದು ಮುಗಿಸಿದ್ದಾರೆ, ಮಂಡಿ ಇನ್ನೂ ಪೂರ್ತಿ ಕೈಕೊಟ್ಟಿಲ್ಲ. ದಿನಾ ಪೆಟ್ಟಿಗೆ ಕಟ್ಟಿ ಬಿಚ್ಚುವ ಬಸ್ ಟೂರ್ ಬೇಡ, ಮೂರು ಸಾವಿರ ಜನರ ಸಮುದ್ರ ಹಡಗಿನ ಜಾತ್ರೆಯೂ ಬೇಡ. ಉಳಿಯುವುದು ನದಿ ಹಡಗು. ಒಂದೇ ಕೋಣೆ, ಬೆಳಿಗ್ಗೆ ಎದ್ದರೆ ಬೇರೆ ಊರು.

ಮೊದಲು ಹಡಗಿನ ಲೆಕ್ಕ ಹೇಳಿಬಿಡುತ್ತೇನೆ. ಯುರೋಪಿನ ನದಿ ಹಡಗು ಸಾಮಾನ್ಯವಾಗಿ 135 ಮೀಟರ್ ಉದ್ದ, ಸುಮಾರು 11.4 ಮೀಟರ್ ಅಗಲ. ಅದಕ್ಕಿಂತ ಅಗಲ ಮಾಡಲಾಗದು, ಏಕೆಂದರೆ ದಾರಿಯ ಲಾಕ್‌ಗಳ ಅಗಲ 12 ಮೀಟರ್. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ನೀರಿನ ತೊಟ್ಟಿ. ಹಡಗು ಒಳಗೆ ಹೋದ ಮೇಲೆ ನೀರು ತುಂಬಿಸಿದರೆ ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಎರಡೂ ಬದಿ ಒಂದೊಂದು ಗೇಣಿನಷ್ಟು ಜಾಗ ಬಿಟ್ಟು ಹಡಗು ಒಳಗೆ ಜಾರುವಾಗ ಬಾಲ್ಕನಿಯ ಬೆಳಕು ಪಟ್ಟನೆ ಆರುತ್ತದೆ. ಎದುರಿಗೆ ಪಾಚಿ ಹಿಡಿದು ನೀರು ಸೋರುವ ಕಾಂಕ್ರೀಟ್ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ತಗ್ಗಿನ ಸೇತುವೆ ಬಂದರೆ ಮೇಲಿನ ಡೆಕ್ಕಿನ ಕಂಬಿ, ಚಪ್ಪರವನ್ನೆಲ್ಲ ಮಡಿಸುತ್ತಾರೆ. ಕ್ಯಾಪ್ಟನ್ ಹಡಗು ನಡೆಸುವ ಕೋಣೆಯೇ ಕೆಳಕ್ಕೆ ಇಳಿಯುತ್ತದೆ.

ಆ್ಯಮ್‌ಸ್ಟರ್‌ಡ್ಯಾಮಿನಿಂದ ಬುಡಾಪೆಸ್ಟ್‌ವರೆಗೆ ಹೀಗೆ ಹೋಗಲು ಸಾಧ್ಯವಾದದ್ದು 1992ರಲ್ಲಿ. ಮೈನ್ ನದಿಯನ್ನೂ ಡ್ಯಾನ್ಯೂಬನ್ನೂ ಕೂಡಿಸುವ 171 ಕಿ.ಮೀ. ಕಾಲುವೆ ಮುಗಿದದ್ದು ಆ ವರ್ಷ. ಷಾರ್ಲಮೇನ್ ದೊರೆ 793ರಲ್ಲೇ ಇಂಥದ್ದೊಂದನ್ನು ತೋಡಿಸಲು ಹೊರಟಿದ್ದ. ಈಗಿನ ಕಾಲುವೆ ಸಮುದ್ರಮಟ್ಟದಿಂದ 406 ಮೀಟರ್ ಎತ್ತರಕ್ಕೆ ಏರಿ ಆಚೆ ಇಳಿಯುತ್ತದೆ. ಇಡೀ ದಾರಿಯಲ್ಲಿ ಅರವತ್ತಕ್ಕೂ ಹೆಚ್ಚು ಲಾಕ್‌ಗಳು. ಸಾಮಾನ್ಯವಾಗಿ ಎರಡು ವಾರದ ಪಯಣ.

ಬೇ ಏರಿಯಾದಲ್ಲಿ ಇದರ ತಯಾರಿ ಎಕ್ಸೆಲ್ ಶೀಟಿನಲ್ಲಿ ಶುರುವಾಗುತ್ತದೆ. ಮೂವತ್ತು ವರ್ಷ ಸಾಫ್ಟ್‌ವೇರ್ ಬರೆದವರು ಬೇರೇನು ಮಾಡಿಯಾರು? ಒಂದು ಮನೆಯ ಊಟದ ಮೇಜಿನ ಮೇಲೆ ಕಂಡ ಶೀಟಿನಲ್ಲಿ ಕಾಲಂಗಳು ಹೀಗಿದ್ದವು: ನದಿ, ತಿಂಗಳು, ನೀರು, ವೀಸಾ, ಊಟ, ಭಾಷೆ. ಬೆಲೆಯ ಕಾಲಂ ಕೊನೆಗೆ, ಅದೂ ಪೆನ್ಸಿಲಿನಲ್ಲಿ.

ನೀರಿನ ಕಾಲಂ ನನಗೆ ಹಿಡಿಸಿತು. ರೈನ್ ನದಿಯ ಕೌಬ್ ಎಂಬಲ್ಲಿನ ಅಳತೆಗಂಬವನ್ನು ಹಡಗಿನವರೆಲ್ಲ ಗಮನಿಸುತ್ತಾರೆ, ನಾವು ಮಳೆಗಾಲದಲ್ಲಿ ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ ನೋಡುವ ಹಾಗೆ. 2018ರ ಅಕ್ಟೋಬರಿನಲ್ಲಿ ಅಲ್ಲಿ ನೀರು 25 ಸೆಂಟಿಮೀಟರಿಗೆ ಇಳಿಯಿತು. ಅದು ನದಿಯ ಆಳವಲ್ಲ, ಕಂಬದ ಮೇಲಿನ ಅಂಕಿ. ಹಡಗು ಹೋಗುವ ದಾರಿಯಲ್ಲಿ ನೀರು ಅದಕ್ಕಿಂತ ಹೆಚ್ಚೇ ಇರುತ್ತದೆ. ಆದರೂ ಮಟ್ಟ ಅಷ್ಟು ಇಳಿದರೆ ಹಡಗು ನಿಲ್ಲುತ್ತದೆ. ಪ್ರಯಾಣಿಕರನ್ನು ಬಸ್ಸಿನಲ್ಲಿ ಸಾಗಿಸಿ ಆಚೆ ನಿಂತ ಇನ್ನೊಂದು ಹಡಗಿಗೆ ಹತ್ತಿಸುತ್ತಾರೆ. ಬಸ್ ಬೇಡ ಎಂದು ಹೊರಟವರಿಗೆ ಬಸ್ಸೇ ಗತಿ. ಬೇಸಿಗೆಯ ಕೊನೆಗೆ, ಶರತ್ಕಾಲಕ್ಕೆ ಈ ಭಯ. ವಸಂತದಲ್ಲಿ ಉಲ್ಟಾ, ಹಿಮ ಕರಗಿ ನೀರೇರಿ ಸೇತುವೆ ಕೆಳಗೆ ಹಡಗು ನುಸುಳದು. ಅಂತೂ ಮೇ, ಜೂನ್ ವಾಸಿ ಎನ್ನುವವರು ಹೆಚ್ಚು.

ವೀಸಾ ಕಾಲಂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಿಗೆ. ಡ್ಯಾನ್ಯೂಬಿನಲ್ಲಿ ಬುಡಾಪೆಸ್ಟ್ ದಾಟಿ ಕೆಳಗೆ ಹೋದರೆ ಸೆರ್ಬಿಯಾ ಸಿಗುತ್ತದೆ, ಅದು ಯುರೋಪಿನ ಒಂದೇ ವೀಸಾದ ಷೆಂಗೆನ್ ವಲಯದ ಒಳಗಿಲ್ಲ. ಆಚೆಯ ರೊಮೇನಿಯಾ, ಬಲ್ಗೇರಿಯಾ 2025ರಿಂದ ಪೂರ್ತಿ ಒಳಗೆ. ಹೊರಗೆ ಹೋಗಿ ಮತ್ತೆ ಒಳಬರಬೇಕೆಂದರೆ ಒಂದೇ ಪ್ರವೇಶದ ವೀಸಾ ಸಾಲದು.

ಇನ್ನು ಭಾಷೆ. ಪಾಲೋ ಆಲ್ಟೋದ ನಿಜವಾದ ವಿಶೇಷ ಇರುವುದು ಇಲ್ಲೇ. ಹಡಗಿನ ಒಳಗೆ ಇಂಗ್ಲಿಷ್ ಸಾಕು. ಅಡುಗೆಯವನಿಂದ ಗೈಡ್‌ವರೆಗೆ ಎಲ್ಲರಿಗೂ ಬರುತ್ತದೆ. ಹಾಗಿದ್ದರೆ ಕಲಿಯುವುದೇಕೆ ಎಂದು ಕೇಳುವವರುಂಟು. ಹಡಗು ಕಟ್ಟುವುದು ಊರ ನಡುವೆ, ಗೈಡ್ ಬಿಟ್ಟ ಮೇಲೆ ಮಧ್ಯಾಹ್ನ ನಮ್ಮದು. ಆ ಎರಡು ಮೂರು ಗಂಟೆಗೆ ಬೇಕಾದ ಭಾಷೆ ಪುಟ್ಟದು. ಶಾಕಾಹಾರಿಗಳಿಗಂತೂ ಬೇಕೇ ಬೇಕು. ತರಕಾರಿ ಸೂಪ್ ಎಂದು ಬಟ್ಟಲಲ್ಲಿ ಬಂದದ್ದರ ತಳದಲ್ಲಿ ಮೂಳೆ ಬೇಯಿಸಿದ ನೀರಿರಬಹುದು, ಆಲೂಗಡ್ಡೆ ಸಲಾಡಿನಲ್ಲಿ ಹಂದಿಯ ಚೂರಿರಬಹುದು. ಇದನ್ನು ಮೆನು ಕಾರ್ಡ್ ಹೇಳುವುದಿಲ್ಲ, ಕೇಳಿಯೇ ತಿಳಿಯಬೇಕು. ಕೇಳಿದರೆ ಸಾಲದು, ಬಂದ ಉತ್ತರವೂ ತಿಳಿಯಬೇಕು. ಫೋನಿನ ಆ್ಯಪ್ ಎಡವುವುದು ಈ ಎರಡನೆಯದರಲ್ಲಿ, ಗದ್ದಲದ ಹೋಟೆಲಿನಲ್ಲಿ.

ಅದಕ್ಕೇ ಇಲ್ಲಿ ಸಂಜೆ ತರಗತಿಗಳಿವೆ. ಪಾಲೋ ಆಲ್ಟೋ ಅಡಲ್ಟ್ ಸ್ಕೂಲ್ ನಡೆಸುವುದು ಊರಿನ ಶಾಲಾ ಜಿಲ್ಲೆಯೇ. ಬಿಡಾರ ಎಂಬಾರ್ಕಡೆರೋ ರಸ್ತೆಯ ಪಾಲೋ ಆಲ್ಟೋ ಹೈಸ್ಕೂಲ್ ಆವರಣದಲ್ಲಿ. ಎಲ್ ಕಮೀನೋ ರಸ್ತೆ ದಾಟಿದರೆ ಸ್ಟ್ಯಾನ್‌ಫರ್ಡ್. ಮರಗೆಲಸ, ಚಿತ್ರಕಲೆ, ಅಡುಗೆಯ ಜೊತೆಗೆ ಯುರೋಪಿನ ಭಾಷೆಗಳನ್ನೂ ಕಲಿಸುತ್ತಾರೆ. ಹೊಸದಾಗಿ ದೇಶಕ್ಕೆ ಬಂದವರಿಗೆ ಇಂಗ್ಲಿಷ್ ಕಲಿಸುವುದೂ ಇದೇ ಶಾಲೆ. ಹಿರಿಯರಿಗೆಂದೇ 1969ರಲ್ಲಿ ಶುರುವಾದ ಅವೆನಿಡಾಸ್ ಸಂಸ್ಥೆ ಬ್ರಯಂಟ್ ಬೀದಿಯಲ್ಲಿದೆ, ಹಳೆಯ ಪೊಲೀಸ್ ಠಾಣೆ ಮತ್ತು ಅಗ್ನಿಶಾಮಕ ಠಾಣೆಯಾಗಿದ್ದ ಕಟ್ಟಡದಲ್ಲಿ. ಸ್ಟ್ಯಾನ್‌ಫರ್ಡ್ ಹಳೆ ವಿದ್ಯಾರ್ಥಿ ಸಂಘ 1968ರಿಂದ ಪ್ರವಾಸ ನಡೆಸುತ್ತಿದೆ. ಅದರಲ್ಲಿ ಪ್ರೊಫೆಸರರೂ ಜೊತೆಗೆ ಬರುತ್ತಾರೆ. ಬಿಲ್ಲಿನಲ್ಲೂ ಅವರು ಕಾಣಿಸುತ್ತಾರೆ.

ಎಷ್ಟು ಕಲಿಯಬಹುದು? ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಜರ್ಮನ್ ಕಲಿಸಲು 36 ವಾರ, ಸುಮಾರು 900 ಗಂಟೆ ಇಡುತ್ತದೆ. ಹಂಗೇರಿಯನ್‌ಗೆ 44 ವಾರ. ವಾರಕ್ಕೊಂದು ಸಂಜೆ ಎರಡು ಗಂಟೆಯಂತೆ ಮೂವತ್ತು ವಾರ ಹೋದರೂ ಆಗುವುದು 60 ಗಂಟೆ. ರಾಯಭಾರಿಯಾಗಲು ಅದು ಏನೂ ಅಲ್ಲ. ಬೇಕರಿ, ಔಷಧಿ ಅಂಗಡಿ, ರೈಲು ನಿಲ್ದಾಣಕ್ಕೆ ಧಾರಾಳ. ಒಂದು ನದಿಗೆ ಒಂದು ಭಾಷೆ ಎಂದು ಕಡ್ಡಿ ಮುರಿದಂತೆ ತೀರ್ಮಾನಿಸಿಕೊಂಡವರಿಗೆ ಫಲ ಸಿಕ್ಕಿದ್ದನ್ನು ಕಂಡಿದ್ದೇನೆ. ಡ್ಯಾನ್ಯೂಬ್ ಹತ್ತು ದೇಶಗಳಲ್ಲಿ ಹರಿಯುತ್ತದೆಂದು ಹತ್ತರಲ್ಲೂ ನಮಸ್ಕಾರ ಕಲಿತವರ ಮಾತು ನಮಸ್ಕಾರಕ್ಕೇ ಮುಗಿಯಿತು. ಕಲಿತದ್ದನ್ನು ಉಳಿಸಿಕೊಳ್ಳಲು ಭಾಷಾವಿಜ್ಞಾನಿ ಪಾಲ್ ಪಿಮ್ಸ್‌ಲರ್ 1967ರಲ್ಲೇ ಒಂದು ಪಟ್ಟಿ ಕೊಟ್ಟರು: ಹೊಸ ಪದವನ್ನು ಐದು ಸೆಕೆಂಡಿಗೆ ನೆನಪಿಸಿಕೊಳ್ಳಿ, ಆಮೇಲೆ 25 ಸೆಕೆಂಡಿಗೆ, ಎರಡು ನಿಮಿಷಕ್ಕೆ, ಹತ್ತು ನಿಮಿಷಕ್ಕೆ, ಹೀಗೆ ಅಂತರ ಹಿಗ್ಗಿಸುತ್ತ ತಿಂಗಳುಗಳವರೆಗೆ. ಹೈವೇ 101ರ ಟ್ರಾಫಿಕ್ಕಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚಿಲ್ಲ.

ಕನ್ನಡ ಬಲ್ಲವರಿಗೆ ಇದರಲ್ಲಿ ಒಂದಿಷ್ಟು ಅನುಕೂಲವೂ ಇದೆ. ಹಂಗೇರಿಯನ್ ಭಾಷೆ ನಮ್ಮ ವಿಭಕ್ತಿಯ ಹಾಗೆ ಪ್ರತ್ಯಯಗಳನ್ನು ಪದದ ಬಾಲಕ್ಕೆ ಅಂಟಿಸುತ್ತದೆ. ಜರ್ಮನ್ನಿನ ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬಂದರೆ ತರಗತಿಯ ಅಮೆರಿಕನ್ನರು ತಲೆ ಕೆರೆದುಕೊಳ್ಳುತ್ತಾರೆ. ನಮಗೆ ಅದು ಹುಟ್ಟಿನಿಂದ ಬಂದ ಅಭ್ಯಾಸ.

ಜರ್ಮನ್ ಆರಿಸಲು ಇನ್ನೂ ಒಂದು ಕಾರಣವಿದೆ. ಪಾಲೋ ಆಲ್ಟೋದಲ್ಲಿ ನೇಬರ್ಸ್ ಅಬ್ರಾಡ್ ಎಂಬ ಸ್ವಯಂಸೇವಕರ ಸಂಸ್ಥೆ 1963ರಿಂದ ಸೋದರಿ ನಗರಗಳ ಸಂಬಂಧ ನೋಡಿಕೊಳ್ಳುತ್ತಿದೆ. ಫಿಲಿಪ್ಪೀನ್ಸಿನ ಪಾಲೋದಿಂದ ಶುರುವಾದ ಪಟ್ಟಿಗೆ 2017ರಲ್ಲಿ ಸೇರಿದ್ದು ನೆಕರ್ ನದಿಯ ದಂಡೆಯ ಹೈಡೆಲ್‌ಬರ್ಗ್. ರೈನ್ ಹಡಗಿನವರನ್ನು ಹತ್ತಿರದ ಬಂದರುಗಳಿಂದ ಒಂದು ದಿನದ ಮಟ್ಟಿಗೆ ಅಲ್ಲಿಗೆ ಕರೆದೊಯ್ಯುತ್ತಾರೆ. ಕೋಟೆ ನೋಡಿ, ಫೋಟೊ ತೆಗೆದು, ವಾಪಸ್. ಅದೇ ನೆಕರ್ ನದಿಯ ಮೇಲ್ದಂಡೆಯಲ್ಲಿ ಎಸ್ಲಿಂಗನ್ ಇದೆ. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಇನ್ನೂ ಮೇಲಕ್ಕೆ ಹೋದರೆ ಟ್ಯೂಬಿಂಗನ್, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಕೊನೆಯುಸಿರೆಳೆದ ಊರು. ಮೈನ್ ನದಿಯಲ್ಲಿ ಹಡಗು ತಪ್ಪದೆ ನಿಲ್ಲುವ ವುರ್ಟ್ಸ್‌ಬುರ್ಗ್‌ನ ವಿಶ್ವವಿದ್ಯಾಲಯದಲ್ಲಿ ಬಿ.ಎ. ವಿವೇಕ ರೈ ಸಂದರ್ಶಕ ಪ್ರಾಧ್ಯಾಪಕರಾಗಿ ಕನ್ನಡ ಕಲಿಸಿದ್ದರು. ಅಲ್ಲಿನ ಹಳೆಯ ಸೇತುವೆ ಮೇಲೆ ಸಂಜೆ ಹೊತ್ತು ಜನ ವೈನ್ ಗ್ಲಾಸ್ ಹಿಡಿದು ನಿಂತೇ ಹರಟುತ್ತಾರೆ. ಅಪರಿಚಿತರ ಜೊತೆ ಅರೆಬರೆ ಜರ್ಮನ್ ಆಡಿ ನೋಡಲು ಅದಕ್ಕಿಂತ ಪ್ರಶಸ್ತ ಜಾಗ ಆ ದಾರಿಯಲ್ಲಿ ಸಿಗಲಾರದು.

ಟ್ಯೂಬಿಂಗನ್ನಿಗೆ ಮಾತ್ರ ಹಡಗು ಹೋಗದು. ದೊಡ್ಡ ಹಡಗುಗಳಿಗೆ ನೆಕರ್ ತೆರೆದಿರುವುದು ಎಸ್ಲಿಂಗನ್ ದಾಟಿ ಸ್ವಲ್ಪ ಮೇಲಿನ ಪ್ಲೊಕಿಂಗನ್‌ವರೆಗೆ. ಹಾಗಾಗಿ ಕಿಟ್ಟೆಲರ ಊರು ನೋಡಬೇಕೆನ್ನುವವರು ಪ್ರಯಾಣ ಮುಗಿದ ಮೇಲೆ ಎರಡು ದಿನ ಹೆಚ್ಚು ಇಟ್ಟುಕೊಂಡು, ಸ್ಟುಟ್‌ಗಾರ್ಟ್‌ನಿಂದ ಒಂದು ಗಂಟೆಯ ಲೋಕಲ್ ರೈಲು ಹಿಡಿಯಬೇಕು.