ಡೇಟಾಬೇಸ್ ಸಂಪರ್ಕದ ಮೂರು ದೋಷ ಸಂದೇಶಗಳು: ಅಭ್ಯಾಸ ಬೋಧನೆಯ ಒಂದು ಅನುಭವ

ಹತ್ತನೇ ತರಗತಿಗೆ ರಾಸಾಯನಿಕ ಸಮೀಕರಣ ಸರಿದೂಗಿಸುವ ಪಾಠ. ಮೌಲ್ಯಮಾಪನದ ಹಂತಕ್ಕಾಗಿ ಹತ್ತು ಪ್ರಶ್ನೆಗಳ ಚಿಕ್ಕ ಜಾಲತಾಣವೊಂದನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಸಿದ್ಧಪಡಿಸಿದ್ದೆ. ಪುಟಗಳು ಪಿಎಚ್‌ಪಿಯಲ್ಲಿ, ಪ್ರಶ್ನೆಗಳು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ. ಮನೆಯಲ್ಲಿ ಚೆನ್ನಾಗಿಯೇ ನಡೆಯಿತು. ಪೆನ್‌ಡ್ರೈವ್‌ನಲ್ಲಿ ತಂದು ಶಾಲೆಯ ಕಂಪ್ಯೂಟರ್‌ಗೆ ಹಾಕಿದಾಗ ಪ್ರಶ್ನೆಗಳ ಜಾಗದಲ್ಲಿ ದೋಷ ಸಂದೇಶ ಕಾಣಿಸಿತು. ಒಂದನ್ನು ಸರಿಮಾಡಿದರೆ ಇನ್ನೊಂದು, ಅದನ್ನು ಸರಿಮಾಡಿದರೆ ಮತ್ತೊಂದು. ಮಕ್ಕಳು ಕಾಯುತ್ತಿದ್ದರು, ವೀಕ್ಷಕರು ಹಿಂದಿನ ಬೆಂಚಿನಲ್ಲಿದ್ದರು. ಇನ್ನಷ್ಟು ಕೆಡಿಸುತ್ತಿದ್ದೇನೆಂದು ಹೆದರಿ ಕೈಬಿಟ್ಟೆ. ಅವಧಿ ಮುಗಿಯಿತು.

ಸಂಜೆ ಆ ಮೂರು ಸಂದೇಶಗಳನ್ನು ಬರೆದುಕೊಂಡು ನೋಡಿದಾಗ ನನ್ನ ತಪ್ಪು ತಿಳಿಯಿತು. ನಾನು ಕೆಡಿಸುತ್ತಿರಲಿಲ್ಲ, ಹಂತ ಹಂತವಾಗಿ ಮುಂದೆ ಹೋಗುತ್ತಿದ್ದೆ.

ಜಾಲತಾಣದ ಪುಟವೇ ಬೇರೆ, ಡೇಟಾಬೇಸ್ ಸೇವೆಯೇ ಬೇರೆ. ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಕೇಳುವಂತೆ, ಪುಟವು ಡೇಟಾಬೇಸ್‌ನ ಬಳಿ ಹೋಗಿ ಮಾಹಿತಿ ಕೇಳಬೇಕು. ಗ್ರಂಥಾಲಯ ತೆರೆದಿರಬೇಕು, ನಮ್ಮ ಗುರುತಿನ ಚೀಟಿ ಒಪ್ಪಿಗೆಯಾಗಬೇಕು, ಕೇಳಿದ ಕಪಾಟು ಅಲ್ಲಿರಬೇಕು. ಮೂರು ದೋಷಗಳೂ ಇದೇ ಕ್ರಮದಲ್ಲಿ ಬಂದಿದ್ದವು.

ಮೊದಲನೆಯದು 2002. ಸೇವೆಯನ್ನು ತಲುಪಲಾಗಲಿಲ್ಲ ಎಂದರ್ಥ. ಮೈಎಸ್‌ಕ್ಯೂಎಲ್ ಚಾಲೂ ಆಗಿದೆಯೇ ಎಂದು ಮೊದಲು ನೋಡಬೇಕು. ಅದು ಸಾಮಾನ್ಯವಾಗಿ ಬಳಸುವ 3306ನೇ ಪೋರ್ಟನ್ನು ಬೇರೆ ತಂತ್ರಾಂಶ ಹಿಡಿದಿದ್ದರೆ ಸೇವೆ ಚಾಲೂ ಆಗದೆ ನಿಲ್ಲಬಹುದು. ಡೇಟಾಬೇಸ್ ಬೇರೆ ಕಂಪ್ಯೂಟರ್‌ನಲ್ಲಿದ್ದರೆ ವಿಳಾಸದಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆಯುವುದೂ ತಪ್ಪು, ಏಕೆಂದರೆ ಅದರ ಅರ್ಥ ‘ಇದೇ ಕಂಪ್ಯೂಟರ್’. ನನ್ನ ವಿಷಯದಲ್ಲಿ ಸೇವೆ ಚಾಲೂ ಆಗಿರಲಿಲ್ಲ, ಅಷ್ಟೇ.

ಎರಡನೆಯದು 1045. ಸೇವೆ ಸಿಕ್ಕಿದೆ, ಆದರೆ ಬಳಕೆದಾರರ ಹೆಸರು ಅಥವಾ ಗುಪ್ತಪದ ಒಪ್ಪಿಗೆಯಾಗಿಲ್ಲ. ಶಾಲೆಯ ಕಂಪ್ಯೂಟರ್‌ನ ಗುಪ್ತಪದ ಬೇರೆಯಿತ್ತು, ನನ್ನ ಕಡತದಲ್ಲಿ ಮನೆಯದೇ ಉಳಿದಿತ್ತು. ಲ್ಯಾಬ್ ನೋಡಿಕೊಳ್ಳುವ ಮೇಡಂ ಅವರನ್ನು ಕೇಳಿ ತಿದ್ದಿದೆ.

ಮೂರನೆಯದು 1049. ಗುರುತು ಒಪ್ಪಿಗೆಯಾಗಿದೆ, ಕೇಳಿದ ಹೆಸರಿನ ಡೇಟಾಬೇಸ್ ಮಾತ್ರ ಅಲ್ಲಿಲ್ಲ. ನಾನು ಪುಟಗಳ ಫೋಲ್ಡರನ್ನಷ್ಟೇ ನಕಲು ಮಾಡಿದ್ದೆ. ಡೇಟಾಬೇಸ್ ಆ ಫೋಲ್ಡರಿನಲ್ಲಿ ಇರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಎಕ್ಸ್‌ಪೋರ್ಟ್ ಮಾಡಿ, ಹೊಸ ಕಂಪ್ಯೂಟರ್‌ನಲ್ಲಿ ಇಂಪೋರ್ಟ್ ಮಾಡಬೇಕು. ಮರುದಿನ ಅದನ್ನು ಮಾಡಿದ ಕೂಡಲೇ ಪ್ರಶ್ನೆಗಳು ಬಂದವು. ಹಿಂದಿನ ದಿನ ನಾನು ಕೈಬಿಟ್ಟದ್ದು ಕೊನೆಯ ಹಂತದಲ್ಲಿ.

ಹಾಗಾಗಿ ಇಂಥ ಸಂದರ್ಭದಲ್ಲಿ ಸಂದೇಶವನ್ನು ಪೂರ್ತಿ ಓದಿ ಬರೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸಂದೇಶ ಬದಲಾಯಿತೇ ಎಂದು ನೋಡಿ. ಪಾಠದ ಹಿಂದಿನ ದಿನವೇ ಶಾಲೆಯ ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿ, ಪ್ರಶ್ನೆಗಳ ಮುದ್ರಿತ ಪ್ರತಿಯನ್ನೂ ಇಟ್ಟುಕೊಳ್ಳಿ.

ಆ ದಿನ ರಸಪ್ರಶ್ನೆ ನಡೆಯಿತು. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣದಲ್ಲಿ ಒಬ್ಬ ಹುಡುಗಿ ಮೊದಲು ನೀರಿನ ಸೂತ್ರವನ್ನೇ ತಿದ್ದಿ ಆಕ್ಸಿಜನ್ ಸರಿದೂಗಿಸಿದಳು. ಅದು ಹೈಡ್ರೋಜನ್ ಪೆರಾಕ್ಸೈಡ್ ಆಯಿತು. ಎರಡನೇ ಸಲ ಸೂತ್ರವನ್ನು ಮುಟ್ಟದೆ ನೀರಿನ ಮುಂದೆ 2 ಹಾಕಿದಳು, ಆದರೆ ಎಡಗಡೆಯ ಹೈಡ್ರೋಜನ್ ಎಣಿಸಲು ಮರೆತಳು. ಜಾಲತಾಣ ಎರಡಕ್ಕೂ ಸೊನ್ನೆ ಕೊಟ್ಟಿತು. ‘ನನಗೆ ಬರಲ್ಲ ಸರ್’ ಎಂದು ಅವಳು ಪೆನ್ನು ಕೆಳಗಿಟ್ಟಳು. ನನಗೆ ಹಿಂದಿನ ದಿನ ನೆನಪಾಯಿತು. ‘ನಿನ್ನ ತಪ್ಪು ಬದಲಾಗಿದೆ ನೋಡಮ್ಮ, ಈಗ ಒಂದೇ ಹೆಜ್ಜೆ ಉಳಿದಿದೆ’ ಎಂದೆ. ಅವಳು ಮತ್ತೆ ಎಣಿಸಿದಳು. ಮೂರನೇ ಸಲ ಹೈಡ್ರೋಜನ್ ಮುಂದೆಯೂ 2 ಬಿತ್ತು.

ನೈದಾನಿಕ ಪರೀಕ್ಷೆಯಲ್ಲಿ ನಾವು ತಪ್ಪುಗಳನ್ನು ಎಣಿಸುತ್ತೇವೆ. ಮಗುವಿನ ತಪ್ಪು ಯಾವುದರಿಂದ ಯಾವುದಕ್ಕೆ ಬದಲಾಯಿತು ಎಂಬುದನ್ನೂ ಬರೆದಿಟ್ಟುಕೊಂಡರೆ ಪರಿಹಾರ ಬೋಧನೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯುತ್ತದೆ.