ನಡುಗುವ ಕೈಯೂ ಮಿದುಳಿನ ಕರಿಯ ಕೋಶಗಳೂ

ನಮ್ಮ ಪರಿಚಯದ ವೃದ್ಧ ಉಪಾಧ್ಯಾಯರೊಬ್ಬರ ಬರವಣಿಗೆ ಮುತ್ತು ಪೋಣಿಸಿದಂತೆ ಇರುತ್ತಿತ್ತು. ಅವರು ನಿವೃತ್ತರಾದ ಕೆಲವು ವರ್ಷಗಳ ಮೇಲೆ ಬರೆದ ಕಾಗದವೊಂದನ್ನು ಕಂಡು ನಾವು ಬೆರಗಾದೆವು. ಮೊದಲ ಸಾಲಿನಲ್ಲಿ ಎಂದಿನಂತೆಯೇ ಇದ್ದ ಅಕ್ಷರಗಳು ಬರಬರುತ್ತ ಕಿರಿದಾಗಿ, ಕೊನೆಯ ಸಾಲಿನಲ್ಲಿ ಸಾಸುವೆ ಚೆಲ್ಲಿದಂತೆ ಕಾಣುತ್ತಿದ್ದುವು. ಅವರನ್ನು ನೋಡಲು ಹೋದಾಗ, ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದ ಬಲಗೈ ಗುಳಿಗೆಯೊಂದನ್ನು ಉರುಳಿಸುತ್ತಿರುವಂತೆ ಎಡೆಬಿಡದೆ ಅಲುಗುತ್ತಿತ್ತು. ಹೆಜ್ಜೆ ಕಿರಿದಾಗಿತ್ತು, ಮುಖದಲ್ಲಿ ಭಾವದ ಚಲನೆ ಕಡಮೆಯಾಗಿತ್ತು. ಬುದ್ಧಿ ಮಾತ್ರ ಎಂದಿನಂತೆಯೇ ಚುರುಕಾಗಿತ್ತು. "ಕೈಗೆ ನಾನು ಹೇಳುತ್ತೇನಪ್ಪ, ಅದು ಕೇಳುವುದಿಲ್ಲ" ಎಂದರು.

ಈ ಮಾತು ಶಾಸ್ತ್ರದೃಷ್ಟಿಯಿಂದಲೂ ಬಹುಮಟ್ಟಿಗೆ ಸರಿಯಾದುದು. ಅವರ ಕೈಯ ಸ್ನಾಯುಗಳಲ್ಲಿ ದೋಷವಿರಲಿಲ್ಲ, ಬೆನ್ನುಹುರಿಯಿಂದ ಕೈಗೆ ಬರುವ ನರಗಳಲ್ಲಿಯೂ ದೋಷವಿರಲಿಲ್ಲ, ಇಚ್ಛೆಗೂ ಕೊರತೆಯಿರಲಿಲ್ಲ. ಇಚ್ಛೆಗೂ ಚಲನೆಗೂ ನಡುವೆ, ಮಿದುಳಿನ ಒಳಗೇ ಇರುವ ಒಂದು ಮಾರ್ಗವು ಹಾಳಾಗುತ್ತಿತ್ತು. ಆ ಮಾರ್ಗ ಯಾವುದು, ಅದು ಏಕೆ ಹಾಳಾಗುತ್ತದೆ, ಅದನ್ನು ಕಾಪಾಡಲು ಸಾಧ್ಯವೆ ಎಂಬುದನ್ನು ಈಗ ವಿಚಾರಮಾಡೋಣ.

ಕರಿಯ ಪಟ್ಟಿಯ ಕೋಶಗಳು

ಈ ರೋಗವನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದವನು ಲಂಡನ್ ನಗರದ ವೈದ್ಯ ಜೇಮ್ಸ್ ಪಾರ್ಕಿನ್‌ಸನ್. 1817ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಲ್ಲಿ ಆರು ಮಂದಿಯ ವಿವರಗಳಿದ್ದುವು. ಅವರಲ್ಲಿ ಕೆಲವರನ್ನು ಅವನು ಬೀದಿಯಲ್ಲಿ ಕಂಡಿದ್ದನಷ್ಟೆ. ಇಷ್ಟು ಅಲ್ಪ ಸಾಮಗ್ರಿಯಿಂದ ಅವನು ಬರೆದ ಲಕ್ಷಣಗಳು ಇಂದಿಗೂ ಬಹುಪಾಲು ಸರಿಯಾಗಿಯೇ ಇವೆ. ಆದುದರಿಂದ ರೋಗಕ್ಕೆ ಅವನ ಹೆಸರೇ ನಿಂತಿತು.

ರೋಗದ ನೆಲೆ ತಿಳಿದುದು ನೂರು ವರ್ಷಗಳ ಅನಂತರ. ಮಿದುಳಿನ ಕಾಂಡದ ಮೇಲುಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಕಪ್ಪು ಪಟ್ಟಿಗಳಿವೆ. ಅಲ್ಲಿಯ ನರಕೋಶಗಳಲ್ಲಿ ಕೂಡಿಕೊಂಡಿರುವ ಕರಿಯ ವರ್ಣದ್ರವ್ಯದಿಂದ ಅವಕ್ಕೆ ಈ ಬಣ್ಣ. ಈ ಭಾಗವನ್ನು ನಾವು ಕೃಷ್ಣದ್ರವ್ಯವೆಂದು ಕರೆಯೋಣ. 1919ರಲ್ಲಿ ಟ್ರೆಟ್ಯಾಕಾಫ್ ಎಂಬಾತನು ಪ್ಯಾರಿಸಿನಲ್ಲಿ, ಈ ರೋಗದಿಂದ ಸತ್ತವರ ಮಿದುಳುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಕೃಷ್ಣದ್ರವ್ಯವು ಬಣ್ಣಗೆಟ್ಟು ಅದರ ಕೋಶಗಳು ನಾಶವಾಗಿರುವುದನ್ನು ತೋರಿಸಿದನು.

ಮಾನವನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಕೃಷ್ಣದ್ರವ್ಯದ ಈ ವಿಶಿಷ್ಟ ಕೋಶಗಳಾದರೋ ಕೆಲವು ಲಕ್ಷ ಮಾತ್ರ. ಆದರೆ ಒಂದೊಂದು ಕೋಶದಿಂದಲೂ ಹೊರಡುವ ನರತಂತು ಮುಂದೆ ಸಾಗಿ, ಚಲನೆಯನ್ನು ಹದಗೊಳಿಸುವ ರೇಖಾಪಿಂಡವೆಂಬ ಭಾಗವನ್ನು ಸೇರಿ, ಅಲ್ಲಿ ಆಲದ ಬೇರಿನಂತೆ ಲೆಕ್ಕವಿಲ್ಲದಷ್ಟು ಕವಲೊಡೆಯುತ್ತದೆ. ಕವಲುಗಳಿಂದ ಡೋಪಮೀನ್ ಎಂಬ ರಾಸಾಯನಿಕ ವಸ್ತು ಸ್ರವಿಸುತ್ತದೆ. ಗದ್ದೆಗೆ ನೀರು ಹೇಗೋ ರೇಖಾಪಿಂಡಕ್ಕೆ ಡೋಪಮೀನ್ ಹಾಗೆ. ಅದು ಬತ್ತಿದರೆ ಚಲನೆ ಆರಂಭವಾಗುವುದೇ ಕಷ್ಟವಾಗುತ್ತದೆ.

ಸರ್ಪಗಂಧವೂ ನಸುಗುನ್ನಿಯೂ

ಡೋಪಮೀನಿನ ಮಹತ್ತ್ವ ತಿಳಿದುಬಂದ ಕಥೆಯಲ್ಲಿ ನಮ್ಮ ದೇಶದ ಎರಡು ಗಿಡಗಳಿಗೆ ಪಾಲುಂಟು.

ಮೊದಲನೆಯದು ಸರ್ಪಗಂಧ. ಇದರ ಬೇರಿನಿಂದ 1952ರಲ್ಲಿ ಸ್ವಿಟ್ಸರ್ಲೆಂಡಿನ ವಿಜ್ಞಾನಿಗಳು ರಿಸರ್ಪೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ರಕ್ತದ ಒತ್ತಡವನ್ನು ಇಳಿಸಲೂ ಮನಸ್ಸಿನ ಉದ್ರೇಕವನ್ನು ಶಮನಗೊಳಿಸಲೂ ಅದು ಬಳಕೆಗೆ ಬಂತು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಇದನ್ನು ಮೊಲಗಳಿಗೆ ಚುಚ್ಚಿದಾಗ ಅವು ಕಿವಿಗಳನ್ನು ಜೋಲುಬಿಟ್ಟು ಅಲ್ಲಾಡದೆ ಕುಳಿತುಬಿಟ್ಟುವು. ರಿಸರ್ಪೀನ್ ಅವುಗಳ ಮಿದುಳಿನ ಡೋಪಮೀನನ್ನು ಬರಿದುಮಾಡಿತ್ತು. ಅನಂತರ ಅವನು ಅವಕ್ಕೆ ಡೋಪ ಎಂಬ ವಸ್ತುವನ್ನು ಕೊಟ್ಟನು. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿರುವ ತಡೆಯನ್ನು ಡೋಪಮೀನ್ ದಾಟಲಾರದು. ಅದರ ಪೂರ್ವರೂಪವಾದ ಡೋಪ ದಾಟಬಲ್ಲುದು. ಮೊಲಗಳು ಬೇಗನೆ ಚೇತರಿಸಿಕೊಂಡು ಓಡಾಡತೊಡಗಿದುವು. 1957ರಲ್ಲಿ ಪ್ರಕಟವಾದ ಈ ಪ್ರಯೋಗವು ಮುಂದಿನ ದಾರಿಯನ್ನು ತೋರಿತು. 2000ನೆಯ ಇಸವಿಯಲ್ಲಿ ಕಾರ್ಲ್‌ಸನ್ನನು ನೊಬೆಲ್ ಬಹುಮಾನದಲ್ಲಿ ಪಾಲು ಪಡೆದನು.

1960ರಲ್ಲಿ ವಿಯೆನ್ನದ ಹಾರ್ನಿಕೀವಿಚ್ ತನ್ನ ಸಹೋದ್ಯೋಗಿಯೊಡನೆ, ಪಾರ್ಕಿನ್‌ಸನ್ ರೋಗದಿಂದ ಸತ್ತವರ ರೇಖಾಪಿಂಡದಲ್ಲಿ ಡೋಪಮೀನ್ ಬಹಳ ಕಡಮೆಯಾಗಿರುವುದನ್ನು ಅಳೆದು ತೋರಿಸಿದನು. ಮರುವರ್ಷವೇ ರೋಗಿಗಳಿಗೆ ಡೋಪದ ಚುಚ್ಚುಮದ್ದು ಕೊಟ್ಟು ನೋಡಿದರು. 1967ರಲ್ಲಿ ಅಮೆರಿಕದ ಕಾಟ್ಸಿಯಾಸ್, ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸುತ್ತ ಬಾಯಿಯ ಮೂಲಕ ಕೊಡುವ ಕ್ರಮವನ್ನು ರೂಢಿಗೆ ತಂದನು. ವರ್ಷಗಟ್ಟಲೆ ಕದಲದೆ ಇದ್ದವರು ಎದ್ದು ನಡೆದರು. ಇಂದಿಗೂ ಇದೇ ಈ ರೋಗದ ಮುಖ್ಯ ಔಷಧ.

ಎರಡನೆಯ ಗಿಡ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ. ಇದರ ಬೀಜದಲ್ಲಿ ಇದೇ ಡೋಪ ಹೇರಳವಾಗಿದೆಯೆಂಬುದನ್ನು 1937ರಷ್ಟು ಹಿಂದೆಯೇ ಮದರಾಸಿನಲ್ಲಿ ದಾಮೋದರನ್, ರಾಮಸ್ವಾಮಿ ಎಂಬ ವಿಜ್ಞಾನಿಗಳು ತೋರಿಸಿದ್ದರು. ಅದು ಮುಂದೆ ಯಾವ ಕೆಲಸಕ್ಕೆ ಬಂದೀತೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಹಾಗೆಂದು ಮನೆಯಲ್ಲಿಯೇ ಬೀಜವನ್ನು ಪುಡಿಮಾಡಿ ಸೇವಿಸುವುದು ಸಲ್ಲದು. ಬೀಜದಿಂದ ಬೀಜಕ್ಕೆ ಡೋಪದ ಪ್ರಮಾಣ ವ್ಯತ್ಯಾಸವಾಗುವುದರಿಂದ ಅಪಾಯವಿದೆ.

ಇಷ್ಟಾದರೂ ಒಂದು ಮಾತನ್ನು ಮರೆಯಬಾರದು. ಡೋಪ ಕೊರತೆಯನ್ನು ತುಂಬುತ್ತದೆಯೇ ಹೊರತು ಕೋಶಗಳ ಸಾವನ್ನು ತಡೆಯುವುದಿಲ್ಲ. ಕಾಲುವೆ ಕುಸಿಯುತ್ತಿರುವಾಗ ಗದ್ದೆಗೆ ಕೊಡದಿಂದ ನೀರು ಹೊತ್ತು ಹಾಕಿದಂತೆ. ವರ್ಷಗಳು ಕಳೆದಂತೆ ಔಷಧದ ಫಲ ಒಮ್ಮೆ ಏರುತ್ತ ಒಮ್ಮೆ ಇಳಿಯುತ್ತ ಹೋಗಿ, ಬೇಡದ ಚಲನೆಗಳೂ ತಲೆದೋರುತ್ತವೆ. ಆದುದರಿಂದ ಮೂಲಪ್ರಶ್ನೆಗೇ ಬರಬೇಕಾಗುತ್ತದೆ: ಈ ಕೋಶಗಳು ಸಾಯುವುದೇಕೆ?

ಭೌತವಿಜ್ಞಾನದ ಒಂದು ಲೆಕ್ಕ

ಇಲ್ಲಿ ನಮ್ಮ ಭೌತವಿಜ್ಞಾನದ ಸಣ್ಣ ಲೆಕ್ಕವೊಂದು ನೆರವಿಗೆ ಬರುತ್ತದೆ. ನರಕೋಶದ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟ್ ವಿಭವಾಂತರವಿದೆ. ಇದು ಬಹು ಅಲ್ಪವೆಂದು ತೋರಬಹುದು. ಆದರೆ ಕೋಶದ ಪೊರೆಯ ದಪ್ಪ ಸುಮಾರು 7 ನ್ಯಾನೋಮೀಟರ್ ಮಾತ್ರ. ಭಾಗಿಸಿ ನೋಡಿದರೆ ಪೊರೆಯಲ್ಲಿರುವ ವಿದ್ಯುತ್‌ಕ್ಷೇತ್ರ ಮೀಟರಿಗೆ 1 ಕೋಟಿ ವೋಲ್ಟ್ ಆಗುತ್ತದೆ! ಒಣಗಿದ ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು. ಅದರ ಮೂರರಷ್ಟು ಕ್ಷೇತ್ರವನ್ನು ಕೋಶವು ಹಗಲಿರುಳೂ ಕಾಪಾಡಿಕೊಳ್ಳಬೇಕು.

ಒಳಕ್ಕೆ ಸೋರುವ ಸೋಡಿಯಂ ಅಯಾನುಗಳನ್ನು ಹೊರದೂಡಿ, ಹೊರಕ್ಕೆ ಸೋರುವ ಪೊಟ್ಯಾಸಿಯಮನ್ನು ಒಳತರುವ ಅಣುಗಾತ್ರದ ಪಂಪುಗಳು ಪೊರೆಯಲ್ಲಿವೆ. ಅವು ನಡೆಯಲು ಶಕ್ತಿ ಬೇಕು. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿರುವಾಗ ದೇಹದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಬಳಸುವುದಕ್ಕೆ ಮುಖ್ಯ ಕಾರಣ ಇಂಥ ದುಡಿಮೆಯೇ. ಶಕ್ತಿಯನ್ನು ಒದಗಿಸತಕ್ಕವು ಕೋಶದೊಳಗಿರುವ ಮೈಟೊಕಾಂಡ್ರಿಯಗಳು.

ಕೃಷ್ಣದ್ರವ್ಯದ ಕೋಶಗಳ ಖರ್ಚು ಮಿಕ್ಕವುಗಳಿಗಿಂತ ಹೆಚ್ಚು. ಇಲಿಯ ಕೋಶಗಳನ್ನು ಅಳೆದು, ಅದರಿಂದ ಮಾನವನ ಕೋಶಕ್ಕೆ ಲೆಕ್ಕಹಾಕಿರುವ ವಿಜ್ಞಾನಿಗಳು, ಒಂದೇ ಕೋಶದ ತಂತುವಿನ ಕವಲುಗಳನ್ನೆಲ್ಲ ಸೇರಿಸಿದರೆ 4 ಮೀಟರಿಗೂ ಹೆಚ್ಚು ಉದ್ದವಾಗಬಹುದೆಂದೂ, ಸಂಧಿಸ್ಥಾನಗಳು 10 ಲಕ್ಷವನ್ನು ಮೀರಬಹುದೆಂದೂ ಅಂದಾಜುಮಾಡಿದ್ದಾರೆ. ಇದಲ್ಲದೆ ಈ ಕೋಶಗಳು ಹೊರಗಿನ ಪ್ರೇರಣೆ ಇಲ್ಲದೆಯೇ ಸೆಕೆಂಡಿಗೆ ಕೆಲವು ಬಾರಿ ಮಿಡಿಯುತ್ತಲೇ ಇರುತ್ತವೆ. ಪ್ರತಿ ಮಿಡಿತದಲ್ಲಿಯೂ ಒಳನುಗ್ಗುವ ಕ್ಯಾಲ್ಸಿಯಮನ್ನು ಹೊರಹಾಕಲು ಮತ್ತಷ್ಟು ಶಕ್ತಿ ಬೇಕು. ಆದಾಯದ ಅಂಚಿನಲ್ಲಿಯೇ ಖರ್ಚುಮಾಡುವ ಸಂಸಾರಕ್ಕೆ ಸಣ್ಣ ನಷ್ಟವೂ ದೊಡ್ಡ ಸಂಕಟವನ್ನು ತರುವುದಷ್ಟೆ. ನೀರು ಕಡಮೆಯಾದಾಗ ಕಾಲುವೆಯ ಕೊನೆಯ ಗದ್ದೆ ಮೊದಲು ಒಣಗುವಂತೆ, ಈ ರೋಗದಲ್ಲಿ ತಂತುವಿನ ತುದಿಗಳು ಮೊದಲು ಕೆಟ್ಟು, ಕೋಶದ ಒಡಲು ಅನಂತರ ನಾಶವಾಗುವುದೆಂದು ತೋರುತ್ತದೆ.

ವಿಷವೊಂದು ಕಲಿಸಿದ ಪಾಠ

ಶಕ್ತಿಯ ಕೊರತೆಯೇ ಈ ಕೋಶಗಳನ್ನು ಕೊಲ್ಲಬಲ್ಲುದೆಂಬುದಕ್ಕೆ ಪ್ರಮಾಣ ಸಿಕ್ಕಿದುದು ಒಂದು ದುರಂತದಿಂದ. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಮಾದಕವಸ್ತುವಿನ ಚಟಕ್ಕೆ ಬಿದ್ದಿದ್ದ ಕೆಲವರು ಇದ್ದಕ್ಕಿದ್ದಂತೆ ಮರಗಟ್ಟಿದವರಂತೆ ಆಸ್ಪತ್ರೆಗೆ ಬಂದರು. ವೃದ್ಧಾಪ್ಯದಲ್ಲಿ ವರ್ಷಗಳ ಮೇಲೆ ಬರುವ ಲಕ್ಷಣಗಳೆಲ್ಲ ಅವರಿಗೆ ಕೆಲವೇ ದಿನಗಳಲ್ಲಿ ಬಂದಿದ್ದುವು. ವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಇದರ ಜಾಡು ಹಿಡಿದರು. ಕಳ್ಳತನದಲ್ಲಿ ತಯಾರಿಸಿದ್ದ ಮಾದಕದಲ್ಲಿ ಎಂ.ಪಿ.ಟಿ.ಪಿ. ಎಂಬ ಕಲ್ಮಷ ಬೆರೆತಿತ್ತು.

ಈ ವಸ್ತು ಮಿದುಳನ್ನು ಸೇರಿದ ಮೇಲೆ ಅಲ್ಲಿಯ ಕಿಣ್ವವೊಂದು ಅದನ್ನು ವಿಷವನ್ನಾಗಿ ಮಾರ್ಪಡಿಸುತ್ತದೆ. ಡೋಪಮೀನನ್ನು ಮರಳಿ ಒಳಗೆ ಸೇರಿಸಿಕೊಳ್ಳುವ ಬಾಗಿಲಿನಿಂದಲೇ ವಿಷವೂ ಕೋಶವನ್ನು ಹೊಕ್ಕು, ಮೈಟೊಕಾಂಡ್ರಿಯದ ಶಕ್ತಿ ಉತ್ಪಾದನೆಯ ಮೊದಲ ಹಂತವನ್ನೇ ಕಟ್ಟಿಹಾಕುತ್ತದೆ. ಕೋಶಕ್ಕೆ ಶಕ್ತಿ ಸಾಲದೆ ಅದು ಸಾಯುತ್ತದೆ. ಎಲ್ಲ ರೋಗಿಗಳಲ್ಲಿಯೂ ಇಂಥ ವಿಷವೇ ಕಾರಣವೆಂದಲ್ಲ. 1997ರಲ್ಲಿ, ಆಲ್ಫ ಸಿನ್ಯೂಕ್ಲೀನ್ ಎಂಬ ಪ್ರೋಟೀನು ಮುದ್ದೆಗಟ್ಟಿ ರೋಗಿಗಳ ಕೋಶಗಳಲ್ಲಿ ಸೇರಿಕೊಂಡಿರುವುದು ತಿಳಿಯಿತು. ಅದೇ ವರ್ಷ, ಈ ಪ್ರೋಟೀನಿನ ಜೀನಿನಲ್ಲಿ ದೋಷವಿದ್ದರೆ ರೋಗವು ವಂಶಪಾರಂಪರ್ಯವಾಗಿ ಬರಬಹುದೆಂಬುದೂ ಕಂಡುಬಂತು. ಹೀಗೆ ಕೋಶದ ನಾಶಕ್ಕೆ ದಾರಿಗಳು ಹಲವು.

ಕಾಪಾಡುವ ಪ್ರಯತ್ನಗಳು

ಎಂ.ಪಿ.ಟಿ.ಪಿ.ಯನ್ನು ವಿಷವಾಗಿಸುವ ಕಿಣ್ವವನ್ನು ಸೆಲೆಜಿಲೀನ್ ಎಂಬ ಔಷಧ ತಡೆಯುತ್ತದೆ. ಅದನ್ನು ಮೊದಲೇ ಕೊಟ್ಟ ಕೋತಿಗಳಿಗೆ ಈ ವಿಷದಿಂದ ಹಾನಿಯಾಗಲಿಲ್ಲ. ಈ ಉತ್ಸಾಹದಲ್ಲಿ ಅಮೆರಿಕ, ಕೆನಡಗಳ 800 ಮಂದಿ ರೋಗಿಗಳ ಮೇಲೆ ಸೆಲೆಜಿಲೀನನ್ನೂ ವಿಟಮಿನ್ ಇ.ಯನ್ನೂ ಪರೀಕ್ಷಿಸಿದರು. 1989ರಲ್ಲಿ ಹೊರಬಂದ ಫಲಿತಾಂಶದಂತೆ, ಸೆಲೆಜಿಲೀನ್ ಪಡೆದವರು ಡೋಪ ಚಿಕಿತ್ಸೆಯನ್ನು ಕೆಲವು ತಿಂಗಳು ಮುಂದಕ್ಕೆ ಹಾಕಬಹುದಾಯಿತು. ಆದರೆ ಅದು ಕೋಶಗಳನ್ನು ಉಳಿಸಿತೋ, ಇಲ್ಲವೆ ಇರುವ ಡೋಪಮೀನ್ ವ್ಯಯವಾಗದಂತೆ ತಡೆದು ಲಕ್ಷಣಗಳನ್ನಷ್ಟೆ ಮರೆಸಿತೋ ಎಂಬ ಸಂದೇಹ ಪರಿಹಾರವಾಗಲಿಲ್ಲ. ವಿಟಮಿನ್ ಇ.ಯಿಂದ ಪ್ರಯೋಜನ ಕಾಣಲಿಲ್ಲ.

1993ರಲ್ಲಿ, ಡೋಪಮೀನ್ ಕೋಶಗಳನ್ನು ಪೋಷಿಸುವ ಜಿ.ಡಿ.ಎನ್.ಎಫ್. ಎಂಬ ಪ್ರೋಟೀನು ದೊರಕಿತು. ಪಾತ್ರೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಅದರ ಗುಣ ಅದ್ಭುತವಾಗಿತ್ತು. ರೋಗಿಗಳ ಮಿದುಳಿನೊಳಕ್ಕೆ ಸಣ್ಣ ನಾಳದಿಂದ ಹಾಯಿಸಿದ ಪರೀಕ್ಷೆಗಳಲ್ಲಿ ನಿರೀಕ್ಷಿಸಿದ ಫಲ ಬರಲಿಲ್ಲ. ಕ್ಯಾಲ್ಸಿಯಮಿನ ಬಾಗಿಲನ್ನು ಮುಚ್ಚುವ ಇಸ್ರಡಿಪೀನ್ ಔಷಧವೂ 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ರೋಗವನ್ನು ನಿಧಾನಗೊಳಿಸಲಿಲ್ಲ. ಕೋಶಗಳ ಸಾವನ್ನು ತಡೆಯುತ್ತದೆಂದು ನಿಸ್ಸಂದೇಹವಾಗಿ ಸಿದ್ಧವಾದ ಔಷಧ ಇನ್ನೂ ಒಂದೂ ಇಲ್ಲ.

ಹೀಗೇಕೆ? ಒಂದು ಮುಖ್ಯ ಕಾರಣ, ನಾವು ತಡವಾಗಿ ಬರುತ್ತಿರುವುದು. ಕೈನಡುಕ ಕಂಡು ವೈದ್ಯರ ಬಳಿಗೆ ಹೋಗುವ ಹೊತ್ತಿಗೆ ಕೃಷ್ಣದ್ರವ್ಯದ ಈ ಕೋಶಗಳಲ್ಲಿ ಅರ್ಧದಷ್ಟು ಹೋಗಿಬಿಟ್ಟಿರಬಹುದು. ರೇಖಾಪಿಂಡದ ತಂತುತುದಿಗಳ ನಷ್ಟ ಅದಕ್ಕಿಂತಲೂ ಹೆಚ್ಚು. ಸತ್ತ ನರಕೋಶವನ್ನು ಯಾವ ರಕ್ಷಕನೂ ರಕ್ಷಿಸಲಾರನು. ಆದಕಾರಣ ರೋಗವನ್ನು ಮುಂಚೆಯೇ ಗುರುತಿಸುವ ಪ್ರಯತ್ನಗಳು ನಡೆಯುತ್ತಿವೆ. ಎಷ್ಟೋ ರೋಗಿಗಳಿಗೆ ನಡುಕಕ್ಕೆ ವರ್ಷಗಳ ಮೊದಲೇ ವಾಸನೆ ತಿಳಿಯುವ ಶಕ್ತಿ ಕುಂದಿರುತ್ತದೆ. ಕೆಲವರು ಕನಸಿನಲ್ಲಿ ಕಂಡುದನ್ನು ನಿದ್ರೆಯಲ್ಲಿಯೇ ಕೈಕಾಲು ಬೀಸಿ ಆಡುತ್ತಾರೆ. ಇಂಥ ಸೂಚನೆಗಳಿರುವವರಿಗೆಲ್ಲ ಈ ರೋಗ ಬರುತ್ತದೆಂದಲ್ಲ. ಆದರೆ ಇವನ್ನೂ ಬೇರೆ ಪರೀಕ್ಷೆಗಳನ್ನೂ ಕೂಡಿಸಿ, ಕಾಲುವೆ ಪೂರ್ತಿ ಕುಸಿಯುವ ಮುನ್ನವೇ ಬಿರುಕನ್ನು ಕಾಣಬಹುದೆಂಬ ಆಶೆಯಿದೆ. ಅಲ್ಲಿಯವರೆಗೆ ಕ್ರಮವಾದ ವ್ಯಾಯಾಮವು ರೋಗಿಯ ಚಲನೆಗೆ ಒಳಿತೆಂಬುದು ಮಾತ್ರ ಚೆನ್ನಾಗಿ ತಿಳಿದಿದೆ.

ನಮ್ಮ ಉಪಾಧ್ಯಾಯರಿಗೆ ಔಷಧ ದೊರೆತ ಮೇಲೆ ಅಕ್ಷರ ಸ್ವಲ್ಪ ದೊಡ್ಡದಾಯಿತು. ಈಗ ಅವರು ಗೆರೆಯ ಕಾಗದದಲ್ಲಿ, ಒಂದೊಂದು ಗೆರೆಯನ್ನೂ ತುಂಬುವಂತೆ ಮನಸ್ಸಿಟ್ಟು ಬರೆಯುತ್ತಾರೆ. ಈ ಲೇಖನದ ಕರಡನ್ನು ಅವರಿಗೆ ಓದಿ ಹೇಳಿದಾಗ, ಮೊಲಗಳ ಪ್ರಯೋಗವನ್ನು ಎರಡು ಬಾರಿ ಓದಿಸಿಕೊಂಡರು. "ಉಳಿದ ಲೆಕ್ಕವನ್ನು ನಿನ್ನ ವಿದ್ಯಾರ್ಥಿಗಳು ಮಾಡಲಿ" ಎಂದರು. ವಿದ್ಯಾರ್ಥಿಗಳಿಗೆ ನಾವು ಅದನ್ನೇ ಇಲ್ಲಿ ತಿಳಿಸಿದ್ದೇವೆ.